ರೋಡ್ ಬೈಕಿಗೆ ಮೊದಲ ಕ್ಲಿಪ್‌ಲೆಸ್ ಪೆಡಲ್: ಎಸ್‌ಪಿಡಿ ತಗೊಳ್ಳಲಾ, ಎಸ್‌ಪಿಡಿ-ಎಸ್‌ಎಲ್ ತಗೊಳ್ಳಲಾ?

ಕ್ಲಿಪ್‌ಲೆಸ್ ಅಂದರೆ ಶೂ ಅಡಿಗೆ ಹಾಕುವ ಕ್ಲೀಟ್ ಅನ್ನುವ ತುಂಡು ಟಕ್ ಅಂತ ಸಿಕ್ಕಿಕೊಳ್ಳುವ ಪೆಡಲ್; ಎಸ್‌ಪಿಡಿ, ಎಸ್‌ಪಿಡಿ-ಎಸ್‌ಎಲ್ ಅದರ ಎರಡು ಬಗೆ. ನೀವು ಹೇಳಿರುವುದು ಇಷ್ಟು ಅಲ್ವಾ: ರೋಡ್ ಬೈಕ್, ಅಂದರೆ ರಸ್ತೆಯಲ್ಲಿ ವೇಗವಾಗಿ ಓಡಿಸುವ ಸೈಕಲ್, ಕೊಂಡು ಒಂದು ವರ್ಷವಾಯಿತು, ಇನ್ನೂ ಸಾದಾ ಪೆಡಲ್‌ನಲ್ಲೇ ಓಡಿಸುತ್ತಿದ್ದೀರಿ. ವಾರವಿಡೀ ಆಫೀಸಿಗೆ ಅದೇ ಬೈಕ್, ಭಾನುವಾರ ದೂರದ ಸವಾರಿ. ಜೊತೆಗೆ ಬರುವವರೆಲ್ಲ ಎಸ್‌ಪಿಡಿ-ಎಸ್‌ಎಲ್ ಹಾಕಿಸಿ ಅನ್ನುತ್ತಾರೆ. ನಿಮಗೋ, ಸಿಗ್ನಲ್‌ನಲ್ಲಿ ಕಾಲು ಬಿಡಿಸಲಾಗದೆ ಬಿದ್ದರೆ ಅನ್ನುವ ಭಯ. ಆಗಾಗ ಮಂಡಿಯೂ ನೋಯುತ್ತದೆ.

ನಾನಾದರೆ ಎಸ್‌ಪಿಡಿ ತಗೊಳ್ಳಿ ಅನ್ನುತ್ತೇನೆ. ತೂಕ, ಬ್ರ್ಯಾಂಡ್ ಎಲ್ಲ ಆಮೇಲಿನ ಮಾತು. ಬೈಕಿನಿಂದ ಇಳಿದು ಎಷ್ಟು ನಡೆಯುತ್ತೀರಿ, ದಾರಿಯಲ್ಲಿ ಎಷ್ಟು ಸಲ ಕಾಲು ಕೆಳಗಿಡುತ್ತೀರಿ, ಮೊದಲು ಅದನ್ನು ನೋಡಬೇಕು. ನೀವು ದಿನಾ ಎರಡನ್ನೂ ಮಾಡುವವರು.

ಈ ಎರಡು ಬಗೆ ಹುಟ್ಟಿದ್ದೇ ಬೇರೆ ಬೇರೆ ಕೆಲಸಕ್ಕೆ. ಸ್ಕೀ ಬೈಂಡಿಂಗ್ ಮಾಡುತ್ತಿದ್ದ ಫ್ರಾನ್ಸಿನ ಲುಕ್ ಕಂಪನಿ 1984ರಲ್ಲಿ ರೇಸಿನವರಿಗೆಂದು ಇಂಥ ಪೆಡಲ್ ತಂದಿತು. ಮರುವರ್ಷವೇ ಬರ್ನಾರ್ ಇನೋ ಅದನ್ನು ತುಳಿದು ಟೂರ್ ಡಿ ಫ್ರಾನ್ಸ್ ಗೆದ್ದರು. ಇವತ್ತಿನ ಲುಕ್ ಕಿಯೋ, ಜಪಾನಿನ ಶಿಮಾನೊ ಕಂಪನಿಯ ಎಸ್‌ಪಿಡಿ-ಎಸ್‌ಎಲ್ ಎರಡೂ ಅದೇ ಜಾತಿ: ಮೂರು ಬೋಲ್ಟಿನ, ಅಗಲವಾದ ಪ್ಲಾಸ್ಟಿಕ್ ಕ್ಲೀಟ್. ಅದು ಸೋಲ್‌ನಿಂದ ಹೊರಕ್ಕೆ ಚಾಚಿಕೊಂಡಿರುತ್ತದೆ. ನಡೆದರೆ ಹಿಮ್ಮಡಿಗಿಂತ ಮುಂಗಾಲು ಎತ್ತರ, ನುಣುಪಾದ ನೆಲದಲ್ಲಿ ಜಾರುತ್ತದೆ, ನಡೆದಷ್ಟೂ ಕ್ಲೀಟ್ ಸವೆಯುತ್ತದೆ. ಶಿಮಾನೊ 1990ರಲ್ಲಿ ಎಸ್‌ಪಿಡಿ ತಂದಿದ್ದು ಮೌಂಟನ್ ಬೈಕಿನವರಿಗಾಗಿ. ಅವರು ಕಲ್ಲುಮಣ್ಣಿನಲ್ಲಿ ಇಳಿದು ಬೈಕ್ ತಳ್ಳಿಕೊಂಡು ಹೋಗಬೇಕು. ಅದಕ್ಕೇ ಎರಡು ಬೋಲ್ಟಿನ ಚಿಕ್ಕ ಲೋಹದ ಕ್ಲೀಟ್ ಸೋಲ್‌ನ ಗುಳಿಯೊಳಗೆ ಕೂರುತ್ತದೆ. ಮೆಟ್ಟಿಲು ಹತ್ತಬಹುದು, ಅಂಗಡಿಗೆ ಹೋಗಿಬರಬಹುದು.

ಎಸ್‌ಪಿಡಿ ರೋಡ್ ಬೈಕಿಗೆ ಕೂರಲ್ಲ ಅನ್ನುವ ಮಾತನ್ನು ನಂಬಬೇಡಿ. ಈಗಿನ ರೋಡ್ ಬೈಕಿಗೂ ಮೌಂಟನ್ ಬೈಕಿಗೂ ಪೆಡಲ್ ತಿರುಗಿಸಿ ಕೂರಿಸುವ ಕ್ರ್ಯಾಂಕ್‌ನ ಥ್ರೆಡ್ ಒಂದೇ, 9/16 ಇಂಚು. ಇನ್ನು ತೂಕ. ಶಿಮಾನೊದ 105 ಸಾಲಿನ ಆರ್7000 ಪೆಡಲ್ ಜೋಡಿ 265 ಗ್ರಾಂ, ಸಾದಾ ಎಸ್‌ಪಿಡಿ ಎಂ520 ಜೋಡಿ 380 ಗ್ರಾಂ. ವ್ಯತ್ಯಾಸ 115 ಗ್ರಾಂ. ಬಾಟಲಿಯಿಂದ ನಾಲ್ಕು ಗುಟುಕು ನೀರು ಕುಡಿದರೆ ಅಷ್ಟು ಇಳಿಯುತ್ತದೆ.

ಎಸ್‌ಪಿಡಿಯಲ್ಲಿ ನನಗೆ ಬಹಳ ಇಷ್ಟವಾಗುವುದು ಅದರ ಎರಡೂ ಮುಖ. ಪೆಡಲ್ ಹೇಗೆ ತಿರುಗಿದ್ದರೂ ಮೇಲೆ ಕಾಲಿಟ್ಟು ಒತ್ತಿದರೆ ಟಕ್ ಅಂತ ಕೂರುತ್ತದೆ. ಎಸ್‌ಪಿಡಿ-ಎಸ್‌ಎಲ್‌ಗೆ ಒಂದೇ ಮುಖ. ಹಿಂಭಾಗ ಭಾರವಾದ್ದರಿಂದ ಮೂತಿ ಮೇಲೆತ್ತಿ ನೇತಾಡುತ್ತಿರುತ್ತದೆ, ಕ್ಲೀಟ್‌ನ ತುದಿಯನ್ನು ಅದರ ಮೂತಿಗೆ ಸಿಕ್ಕಿಸಿ ಮುಂದಕ್ಕೆ ಜಾರಿಸಿ ಒತ್ತಬೇಕು. ಅಭ್ಯಾಸವಾದರೆ ಕಣ್ಣು ಮುಚ್ಚಿಯೂ ಬರುತ್ತದೆ, ನಿಜ. ಆದರೆ ಹಿಂದೆ ಬಸ್ ಹಾರ್ನ್ ಹೊಡೆಯುತ್ತಿರುವಾಗ ಹೊಸಬರಿಗೆ ಆ ಒಂದು ಕ್ಷಣ ಬಹಳ ಉದ್ದ ಅನ್ನಿಸುತ್ತದೆ.

ಹಾಗಂತ ಮೂರು ಬೋಲ್ಟಿನದು ಸುಮ್ನೆ ಶೋಕಿಗೆ ಅಂತಲ್ಲ. ನನ್ನ ಇನ್ನೊಂದು ಬೈಕಿನಲ್ಲಿ ಅದೇ ಇದೆ. ಗಂಟೆಗಟ್ಟಲೆ ಇಳಿಯದೆ ತುಳಿಯುವಾಗ ಆ ಅಗಲ ಹಿತವಾಗಿರುತ್ತದೆ, ಒತ್ತಡ ಪಾದದ ಒಂದೇ ಕಡೆ ಬೀಳುವುದಿಲ್ಲ. ಎಸ್‌ಪಿಡಿಯಲ್ಲಿ ಮೆತ್ತನೆ ಸೋಲ್‌ನ ಶೂ ಹಾಕಿದರೆ ದೂರದ ಸವಾರಿಯಲ್ಲಿ ಪಾದದಡಿ ಉರಿ ಬರುತ್ತದೆ. ಸೋಲ್ ಗಟ್ಟಿಯಿದ್ದರೆ ಆ ತೊಂದರೆ ಬಹುತೇಕ ಇರಲ್ಲ. ಹಾಗಾಗಿ ಜಾಸ್ತಿ ದುಡ್ಡು ಶೂಗೆ ಹಾಕಿ, ಪೆಡಲ್ ಸಾಧಾರಣದ್ದೇ ಸಾಕು. ಶೂ ಮೊದಲು ಆರಿಸಿ, ಸಂಜೆ ಹೊತ್ತು ಪಾದ ಸ್ವಲ್ಪ ಊದಿರುವಾಗ ಹಾಕಿ ನೋಡಿ. ಸೋಲ್‌ನಲ್ಲಿ ಎರಡು ಬೋಲ್ಟಿನ ಜಾಗ ಇದೆಯಾ ಅಂತ ತಿರುಗಿಸಿ ನೋಡುವುದನ್ನು ಮರೆಯಬೇಡಿ. ಸ್ಪೀಡ್‌ಪ್ಲೇ ಅಂತ ಇನ್ನೊಂದು ಬಗೆ ಇದೆ, ಈಗ ವಾಹೂ ಕಂಪನಿಯದು. ಕಾಲು ಅಲುಗಾಡಲು 15 ಡಿಗ್ರಿವರೆಗೂ ಬಿಡುತ್ತದೆ, ಆದರೆ ಕ್ಲೀಟ್‌ಗೆ ಬೋಲ್ಟ್ ನಾಲ್ಕು, ಆರೈಕೆ ಜಾಸ್ತಿ. ಮೊದಲ ಪೆಡಲಿಗೆ ಬೇಡ.

ಈಗ ನಿಮ್ಮ ಮಂಡಿ. ಇದನ್ನು ನಾನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಸಾದಾ ಪೆಡಲ್‌ನಲ್ಲಿ ಪಾದ ತನಗೆ ಬೇಕಾದ ಕಡೆ ತಿರುಗಿ ಕೂರುತ್ತದೆ. ಕ್ಲೀಟ್ ಹಾಕಿದ ಮೇಲೆ ಆ ಸ್ವಾತಂತ್ರ್ಯ ಹೋಗುತ್ತದೆ. ಕ್ಲೀಟ್ ಸೊಟ್ಟಗಿದ್ದರೆ ಪ್ರತಿ ಸುತ್ತಿಗೂ ತಿರುಚುವುದು ಮಂಡಿಯನ್ನೇ. ಅದಕ್ಕಾಗಿಯೇ ಕ್ಲೀಟ್‌ನಲ್ಲಿ ಫ್ಲೋಟ್ ಅಂತ ಇಡುತ್ತಾರೆ, ಬಿಟ್ಟುಕೊಳ್ಳದೆಯೂ ಪಾದ ಇಷ್ಟು ಡಿಗ್ರಿ ಅತ್ತಿತ್ತ ತಿರುಗಬಹುದು ಅಂತ. ಮುಂದೆಂದಾದರೂ ಮೂರು ಬೋಲ್ಟಿಗೆ ಹೋದರೆ ಬಣ್ಣದ ಬಗ್ಗೆ ಹುಷಾರು. ಶಿಮಾನೊದಲ್ಲಿ ಹಳದಿ 6 ಡಿಗ್ರಿ, ನೀಲಿ 2, ಕೆಂಪು ಸೊನ್ನೆ. ಲುಕ್ ಕಿಯೋದಲ್ಲಿ ಕೆಂಪು ಅಂದರೆ 9 ಡಿಗ್ರಿ, ಬೂದು 4.5, ಕಪ್ಪು ಸೊನ್ನೆ. ಒಂದರ ಕೆಂಪು ಇನ್ನೊಂದರ ಕೆಂಪಿಗೆ ಪೂರ್ತಿ ಉಲ್ಟಾ. ನೋಡಲು ಒಂದೇ ಥರ ಇದ್ದರೂ ಒಂದರ ಕ್ಲೀಟ್ ಇನ್ನೊಂದರ ಪೆಡಲಿಗೆ ಕೂರುವುದೂ ಇಲ್ಲ.

ಕ್ಲೀಟ್ ಕೂರಿಸುವಾಗ ಅವಸರ ಬೇಡ. ಶೂ ಹಾಕಿಕೊಂಡು ಬೆರಳಿಂದ ಒತ್ತಿ ನೋಡಿ, ಹೆಬ್ಬೆರಳಿನ ಬುಡದಲ್ಲಿ ಉಬ್ಬಿದ ಮೂಳೆ ಸಿಗುತ್ತದೆ. ಕಿರುಬೆರಳಿನ ಬುಡದಲ್ಲೂ ಅಂಥದ್ದೇ ಒಂದು, ಅದಕ್ಕಿಂತ ಸ್ವಲ್ಪ ಹಿಂದೆ. ಎರಡೂ ಕಡೆ ಶೂ ಮೇಲೆ ಟೇಪ್ ಅಂಟಿಸಿ ಗುರುತು ಮಾಡಿ. ಪೆಡಲಿನ ಅಚ್ಚು ಈ ಎರಡು ಗುರುತುಗಳ ನಡುವೆ ಹಾಯುವಂತೆ ಕ್ಲೀಟ್ ಇಟ್ಟರೆ ಶುರುವಿಗೆ ಸರಿಯಾದ ಜಾಗ. ಆಮೇಲೆ ಎತ್ತರದ ಮೇಜಿನ ಮೇಲೆ ಕೂತು ಕಾಲು ಇಳಿಬಿಡಿ. ಪಾದದ ತುದಿ ನೇರ ಇದೆಯೋ ಹೊರಕ್ಕೆ ತಿರುಗಿದೆಯೋ ನೋಡಿ, ಪೆಡಲ್ ಮೇಲೂ ಪಾದ ಹಾಗೇ ಇರುವಂತೆ ಕ್ಲೀಟ್ ತಿರುಗಿಸಿ. ಎಡ ಬಲ ಎರಡೂ ಒಂದೇ ಥರ ಇರಬೇಕು ಅಂತೇನಿಲ್ಲ. ಕೊನೆಗೆ ಕ್ಲೀಟ್ ಸುತ್ತ ಮಾರ್ಕರ್‌ನಿಂದ ಗೆರೆ ಎಳೆದಿಡಿ, ಮುಂದೆ ಬದಲಾಯಿಸುವಾಗ ಅದೇ ಜಾಗ ಸಿಗುತ್ತದೆ.

ಒಂದು ಮಾತು, ಸಾದಾ ಪೆಡಲ್‌ನಲ್ಲೇ ಮಂಡಿ ನೋಯುತ್ತಿದೆ ಅಂದಿರಿ. ಹಾಗಿದ್ದರೆ ಸೀಟಿನ ಎತ್ತರ ಮೊದಲು ನೋಡಿ. ಸೀಟು ತೀರಾ ತಗ್ಗಿದ್ದರೆ ಮಂಡಿಯ ಮುಂಭಾಗ ನೋಯುವುದು ಸಾಮಾನ್ಯ. ಹೊಸ ಶೂ, ಹೊಸ ಪೆಡಲ್ ಬಂದ ಮೇಲೆ ಆ ಎತ್ತರ ಕೆಲವು ಮಿಲಿಮೀಟರ್ ಬದಲಾಗುತ್ತದೆ, ಮತ್ತೆ ಸರಿಮಾಡಿಕೊಳ್ಳಿ. ಆಮೇಲೂ ನೋವು ಹೋಗದಿದ್ದರೆ ಫಿಸಿಯೋಥೆರಪಿಸ್ಟ್‌ಗೆ ತೋರಿಸಿ, ಪೆಡಲ್ ಬದಲಾಯಿಸುತ್ತಾ ಕೂರಬೇಡಿ.

ಬೀಳುವ ಭಯಕ್ಕೆ ಮದ್ದಿದೆ. ಪೆಡಲ್ ಮೇಲೆ ಬಿಗಿತ ಹೊಂದಿಸುವ ಸಣ್ಣ ಸ್ಕ್ರೂ ಇರುತ್ತದೆ, ಎರಡು ಪೆಡಲಿನ ಎರಡೂ ಮುಖಕ್ಕೆ ಸೇರಿ ನಾಲ್ಕು. ನಾಲ್ಕನ್ನೂ ಮೈನಸ್ ಕಡೆ ತಿರುಗಿಸಿ ಪೂರ್ತಿ ಸಡಿಲ ಇಟ್ಟು ಶುರುಮಾಡಿ. ಪೆಟ್ಟಿಗೆಯಲ್ಲಿ ಬರುವ ಎಸ್‌ಎಚ್51 ಕ್ಲೀಟ್ ಹಿಮ್ಮಡಿಯನ್ನು ಪಕ್ಕಕ್ಕೆ ತಿರುಗಿಸಿದರೆ ಮಾತ್ರ ಬಿಡುತ್ತದೆ. ಗಾಬರಿಯಾದಾಗ ನಾವು ಕಾಲನ್ನು ಮೇಲಕ್ಕೆ ಎಳೆಯುತ್ತೇವೆ, ಅದು ಜಪ್ಪಯ್ಯ ಅಂದರೂ ಬಿಡಲ್ಲ. ಎಸ್‌ಎಚ್56 ಅಂತ ಬೇರೆ ಕ್ಲೀಟ್ ಸಿಗುತ್ತದೆ, ಜೋರಾಗಿ ಮೇಲಕ್ಕೆ ಎಳೆದರೂ ಬಿಟ್ಟುಕೊಡುತ್ತದೆ. ನಿಮ್ಮ ಭಯಕ್ಕೆ ಅದೇ ಸರಿ. ನಿಂತು ಜೋರಾಗಿ ತುಳಿಯುವಾಗ ಒಮ್ಮೊಮ್ಮೆ ತಾನೇ ಬಿಟ್ಟೀತು, ಅಷ್ಟು ಎಚ್ಚರ ಇರಲಿ.

ಮೊದಲು ಗೋಡೆ ಹಿಡಿದು ನಿಂತು ಹಾಕಿ ತೆಗೆದು ಮಾಡಿ, ಕಾಲಿಗೆ ತಾನೇ ಗೊತ್ತಾಗುವವರೆಗೆ. ಆಮೇಲೆ ಖಾಲಿ ಮೈದಾನದಲ್ಲಿ. ಯಾವ ಕಾಲು ಬಿಡಿಸುತ್ತೀರಿ ಅನ್ನುವುದನ್ನು ಖಾಯಂ ಮಾಡಿಕೊಳ್ಳಿ. ಬೈಕ್ ಇನ್ನೂ ಉರುಳುತ್ತಿರುವಾಗಲೇ, ಆ ಪೆಡಲ್ ಕೆಳಗೆ ಬಂದಾಗ ಹಿಮ್ಮಡಿ ಹೊರಕ್ಕೆ ತಿರುಗಿಸಿ ಬಿಡಿಸಿ, ಆಮೇಲೆ ನಿಲ್ಲಿ. ಬೀಳುವವರಲ್ಲಿ ಹೆಚ್ಚಿನವರು ನಿಂತ ಮೇಲೆ ಬಿಡಿಸಲು ಹೋಗಿ ಬೀಳುತ್ತಾರೆ.

ಪೆಡಲ್ ನೀವೇ ಹಾಕುವುದಾದರೆ, ಎಡಗಡೆಯದರ ಥ್ರೆಡ್ ಉಲ್ಟಾ. ಥ್ರೆಡ್‌ಗೆ ಗ್ರೀಸ್ ಹಚ್ಚಿ, ಎರಡೂ ಕಡೆ ಅಚ್ಚನ್ನು ಮುಂದಿನ ಚಕ್ರದತ್ತ ಸುತ್ತಿದರೆ ಬಿಗಿಯಾಗುತ್ತದೆ. ಎರಡು ಮೂರು ಸವಾರಿ ಆದ ಮೇಲೆ ಕ್ಲೀಟ್‌ನ ಬೋಲ್ಟ್‌ಗಳನ್ನು ಮತ್ತೊಮ್ಮೆ ಬಿಗಿ ಮಾಡಿ. ಒಂದು ಬೋಲ್ಟ್ ಉದುರಿದರೆ ಹಿಮ್ಮಡಿ ಎಷ್ಟು ತಿರುಗಿಸಿದರೂ ಶೂ ಮಾತ್ರ ತಿರುಗುತ್ತದೆ, ಕ್ಲೀಟ್ ಪೆಡಲ್‌ನಲ್ಲೇ ಇರುತ್ತದೆ. ಆಗ ಶೂ ಬಿಚ್ಚಿ ಕಾಲು ಹೊರಗೆ ತೆಗೆದೇ ಇಳಿಯಬೇಕಾಗುತ್ತದೆ.