ಸಂಡೂರಿಗೆ ಬರುವ ಮುಂಚೆ ಲಾರಿಗಳ ಬಗ್ಗೆ ಒಂದಿಷ್ಟು

"ಗಣಿ ಬಂದ ಮೇಲೆ ನಿಮ್ಮ ಕಡೆ ದುಡ್ಡು ಜಾಸ್ತಿ ಆಯ್ತಲ್ವಾ?" ಅಂತ ಕೇಳಿದ್ದೀರಿ. ಕಬ್ಬಿಣದ ಅದಿರಿನ ಗಣಿ ಇರುವುದು ಗುಡ್ಡದ ಮೇಲೆ. ನಮ್ಮ ಮನೆ ಬಾಗಿಲಿಗೆ ಬಂದದ್ದು ಲಾರಿ. ಹಾಗಾಗಿ ಲಾರಿಯ ಮಾತೇ ಹೇಳುತ್ತೇನೆ.

ನಮ್ಮ ಸಂಡೂರು ಇರುವುದು ಆಂಧ್ರದ ಗಡಿಗೆ ಅಂಟಿದ ಬಳ್ಳಾರಿ ಜಿಲ್ಲೆಯಲ್ಲಿ. ಸಂತೆಯಲ್ಲಿ ಕನ್ನಡ, ತೆಲುಗು ಎರಡೂ ನಡೆಯುತ್ತವೆ. 2003ರ ನಂತರ ಚೀನಾ ನಮ್ಮ ಅದಿರು ಕೊಳ್ಳಲು ನಿಂತಾಗ ರೈಲು ಸಾಲಲಿಲ್ಲ. ಬೇಲೆಕೇರಿ, ಮಂಗಳೂರು, ಕೃಷ್ಣಪಟ್ಟಣ ಬಂದರುಗಳಿಗೆ ಹಗಲೂ ರಾತ್ರಿ ಲಾರಿಗಳ ಸಾಲು. ಅದಿರಿನ ದೂಳು ಕೂತು, ರಸ್ತೆ ಪಕ್ಕದ ಹೊಲದಲ್ಲಿ ಹತ್ತಿ ಒಡೆದರೆ ಇಟ್ಟಿಗೆ ಬಣ್ಣ. ಜೋಳದ ಸೊಪ್ಪೆ ಹಾಕಿದರೆ ಎತ್ತುಗಳು ಮೂಸಿ ಮುಖ ತಿರುಗಿಸುತ್ತಿದ್ದವು. ಅವ್ವ ಬಾಯಿಗೆ ಸೆರಗು ಕಟ್ಟಿಕೊಂಡು, ಒಂದೊಂದೇ ಕಟ್ಟನ್ನು ಗೋಡೆಗೆ ಬಡಿದು ದೂಳು ಕೊಡವಿ ಹಾಕುತ್ತಿದ್ದಳು. ಆ ದೂಳಷ್ಟೂ ಅವಳ ಮೇಲೆ. ರಾತ್ರಿಯೆಲ್ಲ ಕೆಮ್ಮು.

ಓವರ್‌ಲೋಡ್ ಬಗ್ಗೆಯಂತೂ ಕೇಳಲೇಬೇಡಿ. ಒಂದು ಆಕ್ಸಲ್ (ಗಾಲಿಗಳ ಅಚ್ಚು) ಮೇಲಿನ ಭಾರ ಎರಡರಷ್ಟಾದರೆ ರಸ್ತೆಗೆ ಬೀಳುವ ಏಟು ಸುಮಾರು ಹದಿನಾರು ಪಟ್ಟು ಅಂತ ರಸ್ತೆ ಎಂಜಿನಿಯರ್‌ಗಳು ಲೆಕ್ಕ ಹಾಕುತ್ತಾರೆ. ಹೊಸ ಡಾಂಬರು ಒಂದು ಮಳೆಗಾಲ ತಡೆಯುತ್ತಿರಲಿಲ್ಲ. ಅದೇ ಗುಂಡಿಗಳಲ್ಲಿ ಬಸುರಿಯರನ್ನು ಆಸ್ಪತ್ರೆಗೆ ಕರೆದೊಯ್ಯಬೇಕಿತ್ತು. ಆ ರಿಪೇರಿ ಖರ್ಚು ಅದಿರಿನ ರೇಟಿನಲ್ಲಿ ಸೇರಿರಲಿಲ್ಲ.

ಹೊಲ ಮಾರಿ, ಫೈನಾನ್ಸ್‌ನಲ್ಲಿ ಸಾಲ ಮಾಡಿ ಲಾರಿ ತಗೊಂಡವರು ನಮ್ಮಲ್ಲಿ ಬಹಳ. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿತು. ಗುಡ್ಡದ ಮಟ್ಟಿಗೆ ಅದು ಸರಿಯಾದ ಆದೇಶ, ಇವತ್ತಿಗೂ ನನಗೆ ಹಾಗೇ ಅನ್ನಿಸುತ್ತದೆ. ಆದರೆ ಮನೆ ಮುಂದೆ ನಿಂತ ಲಾರಿಗೆ ಕಂತು ನಿಲ್ಲಲಿಲ್ಲ. ನಮ್ಮ ಸಂಬಂಧಿಕರೊಬ್ಬರ ಲಾರಿಯನ್ನು ಫೈನಾನ್ಸ್‌ನವರು ಎಳೆದುಕೊಂಡು ಹೋದರು. ಹೊಲ ಮೊದಲೇ ಹೋಗಿತ್ತು. ಈಗ ಅವರು ಬೇರೆಯವರ ಗಾಡಿಗೆ ಡ್ರೈವರ್.

ಗಣಿ ಮತ್ತೆ ಶುರುವಾಗಿದೆ, ವರ್ಷಕ್ಕೆ ಇಷ್ಟೇ ಅದಿರು ತೆಗೆಯಬೇಕು ಅಂತ ಮಿತಿ ಹಾಕಿದ್ದಾರೆ. 2022ರಲ್ಲಿ ಕೋರ್ಟ್ ಬಳ್ಳಾರಿಯ ಮಿತಿಯನ್ನು ವರ್ಷಕ್ಕೆ 2.8 ಕೋಟಿ ಟನ್‌ನಿಂದ 3.5 ಕೋಟಿ ಟನ್‌ಗೆ ಏರಿಸಿತು. ಲಾರಿಗೆ 25 ಟನ್ ಅಂತ ಹಿಡಿಯಿರಿ. ಅಷ್ಟನ್ನೂ ರಸ್ತೆಯಲ್ಲೇ ಸಾಗಿಸಿದರೆ ದಿನಕ್ಕೆ 3,800 ಲೋಡ್, ವಾಪಸ್ ಬರುವ ಖಾಲಿ ಗಾಡಿ ಬೇರೆ. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೆ ಒಂದಷ್ಟು ಅದಿರು ಮುಚ್ಚಿದ ಕನ್ವೇಯರ್ ಬೆಲ್ಟ್‌ನಲ್ಲಿ ಹೋಗುತ್ತದೆ. ಅದರ ಕೆಳಗಿನ ಹೊಲದಲ್ಲಿ ನಿಂತು ನೋಡಿ, ಎಲೆ ಹಸಿರಾಗಿಯೇ ಇರುತ್ತದೆ. ಬೆಲ್ಟೋ ರೈಲೋ ಮೊದಲು ಹಾಕಲಿ, ಆಮೇಲೆ ಟನ್ ಏರಿಸಲಿ ಅನ್ನುವುದು ನನ್ನ ಮಾತು.

ಮಳೆ ಬಿದ್ದ ಮೇಲೆ ಬನ್ನಿ. ಸಂಡೂರಿನ ಗುಡ್ಡ ಆಗ ನಿಜಕ್ಕೂ ಚೆಂದ. ಬೈಕ್‌ನಲ್ಲಿ ಬರುವುದಾದರೆ ಕತ್ತಲಾಗುವ ಮುಂಚೆ ಊರು ಸೇರಿಕೊಳ್ಳಿ. ಟಿಪ್ಪರ್ ಹಿಂದೆ ಮಾತ್ರ ಹತ್ತಿರ ಹೋಗಬೇಡಿ.