ಕಷ್ಟವಾಗಿದ್ದರೂ ಸಿಟ್ಟು ಬರಿಸದ ಗೇಮ್ ಮಾಡುವುದು ಹೇಗೆ?

ಕಷ್ಟ ಇರಲಿ, ಕಿರಿಕಿರಿ ತೆಗೆಯಿರಿ. 2018ರ ‘ಸೆಲೆಸ್ಟ್’ ನೋಡಿ. ಹುಡುಗಿಯೊಬ್ಬಳು ಬೆಟ್ಟ ಹತ್ತುವ ಆಟ, ಸಿಕ್ಕಾಪಟ್ಟೆ ಕಷ್ಟ. ಆದರೆ ಹುಡುಗಿ ಅಂಚು ದಾಟಿದ ಮೇಲೂ ಒಂದು ಕ್ಷಣ ಜಂಪ್ ಬಟನ್ ಕೆಲಸ ಮಾಡುತ್ತದೆ. ನೆಲ ಮುಟ್ಟುವ ಚೂರು ಮೊದಲೇ ಒತ್ತಿದರೂ ಗೇಮ್ ಅದನ್ನು ನೆನಪಿಟ್ಟುಕೊಂಡು, ಮುಟ್ಟಿದ ಕೂಡಲೇ ಹಾರಿಸುತ್ತದೆ. ಆಡುವವರಿಗೆ ಇದು ಗೊತ್ತೇ ಆಗುವುದಿಲ್ಲ. ಕೈ ಚೆನ್ನಾಗಿ ಪಳಗಿದೆ ಅಂತ ಖುಷಿಯಾಗುತ್ತದೆ, ಅಷ್ಟೇ. ಸತ್ತರೆ ಅದೇ ಪರದೆಯಲ್ಲಿ ತಕ್ಷಣ ಮತ್ತೆ ಶುರು.

ಆಗಲೂ ಆಗದವರಿಗೆ ಅಸಿಸ್ಟ್ ಮೋಡ್ ಇದೆ. ವೇಗವನ್ನು ಅರ್ಧಕ್ಕೆ ಇಳಿಸಬಹುದು, ಸಾಯದ ಹಾಗೂ ಮಾಡಿಕೊಳ್ಳಬಹುದು. ಇದು ಮೋಸ ಅನ್ನುವವರಿದ್ದಾರೆ. ಒಬ್ಬರೇ ಆಡುವ ಆಟದಲ್ಲಿ ಯಾರಿಗೆ ಮೋಸ, ಅಲ್ವಾ? ನೀವೇ ಗೇಮ್ ಮಾಡುತ್ತಿದ್ದರೆ ಮೊದಲು ಜಂಪ್ ಸರಿಮಾಡಿ, ಗ್ರಾಫಿಕ್ಸ್ ಆಮೇಲೆ ನೋಡಿಕೊಳ್ಳಿ.