ಅಲಿಯ ಕಾಲುಗಳ ನಡುವೆ ಕಾಣುವ ಇನ್ನೊಬ್ಬ ಛಾಯಾಗ್ರಾಹಕ

ಒಲಿಂಪಿಕ್ಸ್, ಯುದ್ಧ, ದುರಂತಗಳ ಸಂದರ್ಭದಲ್ಲಿ ಜಗತ್ತು ನೆನಪಿಟ್ಟುಕೊಳ್ಳುವ ಆ ಒಂದು ಚಿತ್ರ ಪತ್ರಿಕಾ ಛಾಯಾಗ್ರಾಹಕನಿಗೆ ದೊರೆಯುವುದು ಬರಿಯ ಅದೃಷ್ಟದಿಂದಲೇ, ಸೆಕೆಂಡಿಗೆ 30 ಚಿತ್ರ ತೆಗೆಯುವ ಕ್ಯಾಮೆರಾಗಳು ಬಂದ ಮೇಲೆ ಅವನ ಕೌಶಲಕ್ಕೆ ಉಳಿದಿರುವುದೇನು ಎಂದು ತಾವು ಕೇಳಿದ್ದೀರಿ. ನಾನು ಕೆಲವು ವರ್ಷ ಮೈದಾನದ ಗೆರೆಯಾಚೆ ಕ್ಯಾಮೆರಾ ಹಿಡಿದು ಕುಳಿತವನು. ಅನಂತರದ ಬಹುಕಾಲ ಕನ್ನಡ ದಿನಪತ್ರಿಕೆಯೊಂದರ ರಾತ್ರಿ ಪಾಳಿಯಲ್ಲಿ ಸುದ್ದಿಸಂಸ್ಥೆಗಳ ಚಿತ್ರಗಳನ್ನು ಆಯ್ದು ಅವುಗಳಿಗೆ ಅಡಿಬರಹ ಬರೆದವನು. ಅದೃಷ್ಟಕ್ಕೆ ಇಲ್ಲಿ ಪಾಲಿಲ್ಲವೆಂದು ನಾನು ಹೇಳಲಾರೆ. ಆ ಪಾಲು ಎಷ್ಟೆಂಬುದನ್ನು ಒಂದೇ ಚಿತ್ರದಲ್ಲಿ ಕಾಣಬಹುದು.

1965ರ ಮೇ 25ರಂದು ಅಮೆರಿಕದ ಮೇಯ್ನ್ ರಾಜ್ಯದ ಲೂಯಿಸ್ಟನ್ ಎಂಬ ಸಣ್ಣ ಊರಿನಲ್ಲಿ ಬಾಕ್ಸಿಂಗ್ ಪಂದ್ಯದ ಮೊದಲನೆಯ ಸುತ್ತಿನಲ್ಲಿಯೇ ಮಹಮ್ಮದ್ ಅಲಿ ಸಾನಿ ಲಿಸ್ಟನ್ ಅವರನ್ನು ಕೆಡವಿದರು. ಅಂಗಾತ ಬಿದ್ದ ಲಿಸ್ಟನ್, ಅವರ ಮೇಲೆ ಬಲಗೈಯನ್ನು ಎದೆಗೆ ಅಡ್ಡವಾಗಿ ಮಡಚಿ ಅಬ್ಬರಿಸುತ್ತಿರುವ ಅಲಿ: ಈ ಬಣ್ಣದ ಚಿತ್ರವನ್ನು ತಾವೂ ನೋಡಿರುತ್ತೀರಿ. ತೆಗೆದವರು ಸ್ಪೋರ್ಟ್ಸ್ ಇಲ್ಲಸ್ಟ್ರೇಟೆಡ್ ಪತ್ರಿಕೆಯ ನೀಲ್ ಲೈಫರ್. ಆಗ ಅವರಿಗೆ 22 ವರ್ಷ. ಇನ್ನೊಮ್ಮೆ ಆ ಚಿತ್ರವನ್ನು ತೆರೆದು ಅಲಿಯ ಕಾಲುಗಳ ನಡುವೆ ನೋಡಿ. ರಿಂಗಿನ ಆಚೆಯ ಬದಿಯಲ್ಲಿ ಕ್ಯಾಮೆರಾ ಹಿಡಿದ ಕನ್ನಡಕದ ವ್ಯಕ್ತಿಯೊಬ್ಬರು ಕಾಣುತ್ತಾರೆ. ಅವರು ಹರ್ಬ್ ಶಾರ್ಫ್‌ಮನ್, ಅದೇ ಪತ್ರಿಕೆಯ ಹಿರಿಯ ಛಾಯಾಗ್ರಾಹಕರು. ಅವರ ಪಾಲಿಗೆ ಬಂದದ್ದು ಅಲಿಯ ಬೆನ್ನು ಮಾತ್ರ. ಲಿಸ್ಟನ್ ಯಾವ ಕಡೆ ಮುಖ ಮಾಡಿ ಬೀಳುತ್ತಾರೆ ಎಂಬುದು ಯಾರ ಕೈಯಲ್ಲೂ ಇರಲಿಲ್ಲವಾದ್ದರಿಂದ ಅಷ್ಟು ಮಟ್ಟಿಗೆ ಅದನ್ನು ಅದೃಷ್ಟವೆಂದೇ ಕರೆಯಬೇಕು.

ಆದರೆ ಅಲ್ಲಿಂದ ಮುಂದಿನದು ಬೇರೆ. ಲೈಫರ್ ರಿಂಗಿನ ಮೇಲ್ಗಡೆ ಫ್ಲ್ಯಾಶ್ ದೀಪಗಳನ್ನು ಮೊದಲೇ ತೂಗುಹಾಕಿಸಿಕೊಂಡಿದ್ದರು. ಆ ಕಾಲದ ಬಣ್ಣದ ಫಿಲ್ಮಿಗೆ ಅಷ್ಟು ಬೆಳಕು ಬೇಕಾಗಿತ್ತು. ಆ ದೀಪಗಳು ಒಮ್ಮೆ ಮಿಂಚಿದ ಮೇಲೆ ಮತ್ತೆ ಶಕ್ತಿ ತುಂಬಿಕೊಳ್ಳಲು ಸಮಯ ಹಿಡಿಯುತ್ತಿದ್ದುದರಿಂದ, ಅಲಿ ಕೈ ಮಡಚಿ ನಿಂತ ಆ ಗಳಿಗೆಯಲ್ಲಿ ಅವರಿಗೆ ದಕ್ಕುವುದು ಒಂದೇ ಚಿತ್ರ. ಅರ್ಧ ಸೆಕೆಂಡು ಮೊದಲೇ ಆತುರಪಟ್ಟು ಗುಂಡಿ ಒತ್ತಿದ್ದರೆ ಆ ಗಳಿಗೆಯಲ್ಲಿ ಕೈಗೆ ಬರುತ್ತಿದ್ದುದು ಬರಿಯ ಕತ್ತಲೆ. ಹೆಚ್ಚುಕಡಿಮೆ ಅದೇ ಕೋನದಿಂದ ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆಯ ಜಾನ್ ರೂನಿ ಕಪ್ಪುಬಿಳುಪಿನಲ್ಲಿ ಅದೇ ಭಂಗಿಯನ್ನು ಹಿಡಿದರು, ಅದಕ್ಕೆ ಬಹುಮಾನವೂ ಬಂತು. ಲೈಫರ್ ಅವರ ಚಿತ್ರಕ್ಕಾದರೋ ಆ ವಾರದ ಮುಖಪುಟ ಕೂಡ ಸಿಗಲಿಲ್ಲ; ಒಳಪುಟಕ್ಕೆ ಹೋಯಿತು. ಚಿತ್ರ ಆರಿಸುವ ಮೇಜಿನ ಈಚೆ ಕುಳಿತಿದ್ದವನಾಗಿ ಈ ಮಾತು ನನ್ನನ್ನು ಇವತ್ತಿಗೂ ಚುಚ್ಚುತ್ತದೆ.

ಕ್ರಿಕೆಟ್ ಬಲ್ಲವರಿಗೆ ಇನ್ನೂ ಹತ್ತಿರದ ಉದಾಹರಣೆಯೆಂದರೆ 1960ರ ಡಿಸೆಂಬರ್ 14ರ ಬ್ರಿಸ್ಬೇನ್. ಆಸ್ಟ್ರೇಲಿಯಾ ಮತ್ತು ವೆಸ್ಟ್ ಇಂಡೀಸ್ ಎರಡೂ ತಂಡಗಳ ಒಟ್ಟು ಮೊತ್ತ 737ಕ್ಕೆ ಸಮನಾಗಿ ನಿಂತಾಗ, ವೆಸ್ ಹಾಲ್ ಎಸೆದ ಕೊನೆಯ ಓವರಿನ ಏಳನೆಯ ಚೆಂಡಿಗೆ (ಆಗ ಅಲ್ಲಿ ಓವರಿಗೆ ಎಂಟು ಚೆಂಡು) ಜೋ ಸಾಲೊಮನ್ ಸ್ಕ್ವೇರ್ ಲೆಗ್ ಕಡೆಯಿಂದ ನೇರವಾಗಿ ಸ್ಟಂಪಿಗೆ ಹೊಡೆದು ಇಯಾನ್ ಮೆಕಿಫ್ ಅವರನ್ನು ರನೌಟ್ ಮಾಡಿದರು. ಟೆಸ್ಟ್ ಚರಿತ್ರೆಯ ಮೊದಲ ಟೈ ಅದು. ಆ ರನೌಟಿನ ಪ್ರಸಿದ್ಧ ಚಿತ್ರವನ್ನು ತೆಗೆದ ಮೆಲ್ಬರ್ನಿನ ದಿ ಏಜ್ ಪತ್ರಿಕೆಯ ರಾನ್ ಲೊವಿಟ್ ಅವರ ಬಳಿ ಆ ಹೊತ್ತಿಗೆ ಉಳಿದಿದ್ದುದು ಒಂದೇ ಒಂದು ಪ್ಲೇಟು, ಅಂದರೆ ಒಂದೇ ಚಿತ್ರಕ್ಕಾಗುವ ಫಲಕ. ಪ್ರತಿ ಚೆಂಡಿಗೂ ವಿಕೆಟ್ ಬೀಳಬಹುದಾಗಿದ್ದ ಆ ಓವರಿನಲ್ಲಿ ಅದನ್ನು ಕೊನೆಯವರೆಗೆ ಬಿಗಿಹಿಡಿದುಕೊಂಡಿರಲು ಎಂಥ ಮನಸ್ಸು ಬೇಕು ಎಂಬುದು ನನಗೆ ಗೊತ್ತು, ಏಕೆಂದರೆ ನನಗೆ ಅಂಥ ಮನಸ್ಸು ಇರಲಿಲ್ಲ. ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಒಂದು ರಣಜಿ ಪಂದ್ಯದ ಸಂಜೆ, ಬರೀ ತಡೆದಾಡುತ್ತಿದ್ದ ಬ್ಯಾಟ್ಸ್‌ಮನ್ನನ ಮೇಲೆ 36 ಚಿತ್ರಗಳ ರೋಲನ್ನು ಪೂರ್ತಿ ಸುರಿದು, ಹೊಸ ರೋಲು ತೊಡಿಸಲು ಕ್ಯಾಮೆರಾದ ಬೆನ್ನು ತೆರೆದ ಕ್ಷಣದಲ್ಲಿಯೇ ಅವನ ಮಧ್ಯದ ಸ್ಟಂಪು ಗಾಳಿಯಲ್ಲಿ ಉರುಳಿತು. ಮರುದಿನ ನಮ್ಮ ಪತ್ರಿಕೆಯಲ್ಲಿ ಬಂದದ್ದು ಆಟಗಾರರು ಪರಸ್ಪರ ಬೆನ್ನು ತಟ್ಟುತ್ತಿರುವ ಚಿತ್ರ.

ಈಗ ರೋಲು ಮುಗಿಯುವ ಚಿಂತೆಯಿಲ್ಲ, ನಿಜ. ಆದರೂ 2024ರ ಜುಲೈಯಲ್ಲಿ ಟಹೀಟಿಯ ಟಿಯಹುಪೂ ಕಡಲಿನಲ್ಲಿ ಬ್ರೆಜಿಲ್‌ನ ಗೇಬ್ರಿಯಲ್ ಮೆಡೀನಾ ತೆರೆಯ ಬೆನ್ನಿನಿಂದ ಮೇಲಕ್ಕೆ ಚಿಮ್ಮಿ, ಪಕ್ಕದಲ್ಲಿ ಲಂಬವಾಗಿ ನಿಂತ ಸರ್ಫಿಂಗ್ ಹಲಗೆಯೊಡನೆ ಆಕಾಶದಲ್ಲಿ ನಿಂತುಬಿಟ್ಟಂತೆ ಕಾಣುವ ಒಲಿಂಪಿಕ್ಸ್ ಚಿತ್ರಕ್ಕಾಗಿ ಎಎಫ್‌ಪಿ ಸುದ್ದಿಸಂಸ್ಥೆಯ ಜೆರೋಮ್ ಬ್ರೂಯೆ ಒತ್ತಿದ್ದು ನಾಲ್ಕೇ ಬಾರಿ. ತೆರೆಯ ಹಿಂಬದಿಯಲ್ಲಿ ದೋಣಿಯಲ್ಲಿದ್ದ ಅವರಿಗೆ ತೆರೆಯೊಳಗಿನ ಮೆಡೀನಾ ಕಾಣುತ್ತಲೇ ಇರಲಿಲ್ಲ. ಇಂಥ ಸವಾರಿಯ ಕೊನೆಗೆ ಅವರು ಸಂಭ್ರಮಿಸುತ್ತ ಹೊರಬೀಳುತ್ತಾರೆಂದು ತಿಳಿದು ಕಾದಿದ್ದರು, ಅಷ್ಟೇ. ಆ ತೆರೆಗೆ ಮೆಡೀನಾ ಪಡೆದದ್ದು ಹತ್ತಕ್ಕೆ 9.90 ಅಂಕ. ಕ್ಯಾಮೆರಾ ಸೆಕೆಂಡಿಗೆ ಎಷ್ಟು ಚಿತ್ರ ತೆಗೆದರೂ ಅದು ಯಾವ ದಿಕ್ಕಿಗೆ ತಿರುಗಿರಬೇಕೆಂದು ಅದಕ್ಕೆ ಯಾರಾದರೂ ಹೇಳಬೇಕಲ್ಲ. 1966ರ ನವೆಂಬರಿನಲ್ಲಿ ಹ್ಯೂಸ್ಟನ್ನಿನ ಆಸ್ಟ್ರೋಡೋಮ್‌ನಲ್ಲಿ ಇದೇ ಲೈಫರ್ ರಿಂಗಿನಿಂದ 80 ಅಡಿ ಮೇಲೆ ಕ್ಯಾಮೆರಾ ಬಿಗಿದು, ಸೋತು ಮಲಗಿದ ಕ್ಲೀವ್‌ಲ್ಯಾಂಡ್ ವಿಲಿಯಮ್ಸ್ ಮತ್ತು ಕೈಯೆತ್ತಿ ನಡೆಯುವ ಅಲಿಯನ್ನು ನೆತ್ತಿಯ ಮೇಲಿಂದ ಹಿಡಿದರು. ರಿಂಗಿನ ಅಂಚಿನಲ್ಲಿ ಕುಳಿತಿದ್ದ ಅವರು ತಮ್ಮ ಚಿತ್ರದೊಳಗೆ ತಾವೇ ಇದ್ದಾರೆ! ಇಂದು ಕ್ರೀಡಾಂಗಣಗಳ ಛಾವಣಿಯಲ್ಲಿ, ಈಜುಕೊಳದ ತಳದಲ್ಲಿ ಕೂರಿಸುವ ದೂರನಿಯಂತ್ರಿತ ಕ್ಯಾಮೆರಾಗಳು ಆ ಯೋಚನೆಯ ವಂಶದವೇ.

ಕ್ರೀಡೆಗೆ ವೇಳಾಪಟ್ಟಿ ಇರುತ್ತದೆ, ಸುದ್ದಿಗೆ ಇರುವುದಿಲ್ಲ. 1972ರ ಮ್ಯೂನಿಕ್ ಒಲಿಂಪಿಕ್ಸಿಗೆ ಆಟಗಳ ಚಿತ್ರ ತೆಗೆಯಲೆಂದು ಹೋದವರು, ಸೆಪ್ಟೆಂಬರ್ 5ರ ಬೆಳಗ್ಗೆ ಕ್ರೀಡಾಗ್ರಾಮದ ಒಂದು ಬಾಲ್ಕನಿಯತ್ತ ಲೆನ್ಸ್ ತಿರುಗಿಸಬೇಕಾಯಿತು. ಇಸ್ರೇಲಿ ಆಟಗಾರರನ್ನು ಒತ್ತೆಯಾಗಿರಿಸಿಕೊಂಡಿದ್ದ ತಂಡದ ಮುಸುಕು ಹಾಕಿದ ಭಯೋತ್ಪಾದಕ ಅಲ್ಲಿಂದ ಇಣುಕುವ ಚಿತ್ರ ಕುರ್ಟ್ ಸ್ಟ್ರುಂಪ್ ಅವರದು. 1984ರ ಡಿಸೆಂಬರಿನಲ್ಲಿ, ಅನಿಲ ದುರಂತದ ಭೋಪಾಲದಲ್ಲಿ, ಅರ್ಧ ಮಣ್ಣು ಮುಚ್ಚಿದ ಕಣ್ತೆರೆದ ಮಗುವಿನ ಮುಖವನ್ನು ರಘು ರೈ ಕಪ್ಪುಬಿಳುಪಿನಲ್ಲಿ, ಪ್ಯಾಬ್ಲೊ ಬಾರ್ತಲೋಮ್ಯೂ ಬಣ್ಣದಲ್ಲಿ ತೆಗೆದರು. ಹೂಳುವ ಒಂದೇ ಕುಳಿಯ ಬಳಿ ನಿಂತಿದ್ದ ಇಬ್ಬರು ಅವರು. ಅಲ್ಲಿ ಅದೃಷ್ಟವೆಂಬ ಪದವನ್ನು ಬಳಸಲು ನನಗೆ ನಾಲಿಗೆ ಏಳುವುದಿಲ್ಲ.

ತಾವು ಕೇಳದಿದ್ದರೂ ಚಿತ್ರದ ಕೆಳಗಿನ ಸಾಲಿನ ಬಗ್ಗೆ ಹೇಳದೆ ಇರಲಾರೆ, ಏಕೆಂದರೆ ನನ್ನ ಆಯುಷ್ಯದ ಹೆಚ್ಚಿನ ಭಾಗ ಅದರಲ್ಲಿಯೇ ಕಳೆದಿದೆ. 1945ರ ಫೆಬ್ರವರಿ 23ರಂದು ಜಪಾನಿನ ಇವೊ ಜಿಮಾ ದ್ವೀಪದಲ್ಲಿ ಆರು ಜನ ಅಮೆರಿಕನ್ ಸೈನಿಕರು ತಮ್ಮ ಧ್ವಜ ಏರಿಸುವ ಚಿತ್ರವನ್ನು ತೆಗೆದ ಜೋ ರೋಸೆಂತಾಲ್, ಕಲ್ಲುಗಳನ್ನು ಗುಡ್ಡೆಹಾಕಿ ಅದರ ಮೇಲೆ ನಿಂತಿದ್ದರು. ಫಿಲ್ಮು ಗುವಾಮಿಗೆ ಹೋಗಿ ಅಲ್ಲಿ ಸಂಸ್ಕರಣಗೊಂಡು ಜಗತ್ತಿಗೆಲ್ಲ ಹಬ್ಬಿದಾಗ ತಾವು ತೆಗೆದದ್ದು ಯಾವ ಚಿತ್ರವೆಂದು ಅವರೇ ನೋಡಿರಲಿಲ್ಲ. ಆ ಆರು ಜನರ ಹೆಸರುಗಳನ್ನು 1947, 2016 ಮತ್ತು 2019ರಲ್ಲಿ, ಪ್ರತಿ ಸಲವೂ ಒಬ್ಬರಂತೆ, ಅಧಿಕೃತವಾಗಿ ತಿದ್ದಬೇಕಾಯಿತು.

1968ರ ಅಕ್ಟೋಬರ್ 16ರ ಮೆಕ್ಸಿಕೊ ಒಲಿಂಪಿಕ್ಸ್ ಚಿತ್ರದಲ್ಲಿ ತಿದ್ದಬೇಕಾದ್ದು ಹೆಸರಲ್ಲ, ನೋಟ. 200 ಮೀಟರ್ ಓಟದ ಪದಕ ವೇದಿಕೆಯಲ್ಲಿ ಅಮೆರಿಕದ ಕಪ್ಪು ಓಟಗಾರರಾದ ಟಾಮಿ ಸ್ಮಿತ್ ಮತ್ತು ಜಾನ್ ಕಾರ್ಲೊಸ್ ವರ್ಣಭೇದವನ್ನು ಪ್ರತಿಭಟಿಸಿ ಕಪ್ಪು ಕೈಗವಸಿನ ಮುಷ್ಟಿ ಎತ್ತಿದ್ದನ್ನು ಲೈಫ್ ಪತ್ರಿಕೆಗಾಗಿ ಜಾನ್ ಡೊಮಿನಿಸ್ ತೆಗೆದರು (ನಮ್ಮ ಮೈಸೂರಿನ ಟಿ. ಎಸ್. ಸತ್ಯನ್ ಅವರ ಚಿತ್ರಗಳೂ ಪ್ರಕಟವಾಗಿದ್ದ ಪತ್ರಿಕೆ ಅದು). ಬೆಳ್ಳಿ ಗೆದ್ದ ಆಸ್ಟ್ರೇಲಿಯಾದ ಪೀಟರ್ ನಾರ್ಮನ್ ಕೈ ಇಳಿಬಿಟ್ಟು ನಿಂತಿದ್ದಾರೆ. ಅಡಿಬರಹವಿಲ್ಲದೆ ನೋಡಿದವರಿಗೆ ಸಂಬಂಧವಿಲ್ಲದ ಮೂರನೆಯವನಂತೆ ಕಾಣುತ್ತಾರೆ. ಎದೆಯ ಮೇಲೆ ಅವರೂ ಅದೇ ಮಾನವ ಹಕ್ಕುಗಳ ಬ್ಯಾಡ್ಜ್ ಧರಿಸಿದ್ದರು, ಕಾರ್ಲೊಸ್ ಕೈಗವಸು ಮರೆತು ಬಂದಾಗ ಒಂದೇ ಜೊತೆಯನ್ನು ಇಬ್ಬರೂ ಹಂಚಿಕೊಳ್ಳಿ ಎಂದು ಸೂಚಿಸಿದವರೂ ಅವರೇ ಎಂಬುದನ್ನು ತಿಳಿಸಲು ಸಾಲುಗಳು ಬೇಕಾಗುತ್ತವೆ. 2006ರಲ್ಲಿ ನಾರ್ಮನ್ ತೀರಿಕೊಂಡಾಗ ಅವರ ಶವಪೆಟ್ಟಿಗೆಗೆ ಸ್ಮಿತ್ ಮತ್ತು ಕಾರ್ಲೊಸ್ ಹೆಗಲು ಕೊಟ್ಟರು. ಅದಕ್ಕೂ ಹಿಂದಿನ ವರ್ಷ ಕ್ಯಾಲಿಫೋರ್ನಿಯಾದ ಸ್ಯಾನ್ ಹೊಸೆ ವಿಶ್ವವಿದ್ಯಾಲಯದ ಆವರಣದಲ್ಲಿ ಆ ಗಳಿಗೆಯ ಪ್ರತಿಮೆಯನ್ನು ನಿಲ್ಲಿಸಿದಾಗ, ನಾರ್ಮನ್ ಅವರ ಇಚ್ಛೆಯಂತೆ ಎರಡನೆಯ ಸ್ಥಾನದ ಮೆಟ್ಟಿಲನ್ನು ಖಾಲಿ ಬಿಟ್ಟರು. ನೋಡಲು ಬಂದವರು ಈಗ ಅದರ ಮೇಲೆ ಹತ್ತಿ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ.